ಆಫೀಸಿನ ಶೇರ್ ಫೋಲ್ಡರ್: ಫೈಲ್ ತೆರೆಯುತ್ತದೆ, ಸೇವ್ ಮಾತ್ರ ಆಗುವುದಿಲ್ಲ

ಲೆಡ್ಜರ್_ಮೇಜು

ಎಲ್ಲರಿಗೂ ನಮಸ್ಕಾರ. ನಾನು ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಆಫೀಸಿನ ಕಂಪ್ಯೂಟರ್‌ಗಳ ಸಣ್ಣಪುಟ್ಟ ಕೆಲಸವನ್ನೂ ನಾನೇ ನೋಡಿಕೊಳ್ಳುತ್ತೇನೆ. ಸರ್ವರ್‌ನ ಅಡ್ಮಿನ್ ಲಾಗಿನ್ ನನ್ನ ಕೈಯಲ್ಲಿದೆ, ಮ್ಯಾನೇಜರ್ ಒಪ್ಪಿಯೇ ಕೊಟ್ಟಿದ್ದಾರೆ.

ಹಳೇ ವಿಂಡೋಸ್ ಸರ್ವರ್ ತೆಗೆದು ಹೊಸದು ಹಾಕಿಸಿದೆವು. ಫೈಲ್‌ಗಳನ್ನು ಹೊರಗಿನವರು ಬಂದು ಕಾಪಿ ಮಾಡಿಕೊಟ್ಟರು. ಆಮೇಲಿಂದ ಈ ಕಾಟ ಶುರುವಾಗಿದೆ. ಅಕೌಂಟ್ಸ್ ಫೋಲ್ಡರ್‌ನ ಎಕ್ಸೆಲ್ ಶೀಟ್ ತೆರೆಯುತ್ತದೆ, ಅಂಕಿಗಳನ್ನು ತಿದ್ದಬಹುದು, ಸೇವ್ ಒತ್ತಿದರೆ ಆಗುವುದಿಲ್ಲ ಅನ್ನುತ್ತದೆ. ಅದೇ ಫೋಲ್ಡರ್‌ನಲ್ಲಿರುವ ನೋಟ್‌ಪ್ಯಾಡ್ ಫೈಲ್ ತಿದ್ದಿ ಸೇವ್ ಮಾಡಿದರೆ ಆಗುತ್ತದೆ! ಇದು ನನಗೆ ಅರ್ಥವೇ ಆಗುತ್ತಿಲ್ಲ. ಜೊತೆಗೆ ಎಂಟು ಅಕ್ಷರದ, ಎಕ್ಸ್‌ಟೆನ್ಷನ್ ಇಲ್ಲದ ಯಾವುದೋ ಫೈಲ್‌ಗಳು ಅಲ್ಲಿ ಗುಡ್ಡೆ ಬೀಳುತ್ತಿವೆ.

ಇನ್ನೂ ಎರಡು ತೊಂದರೆ ಇವೆ. ಒಳಗಿರುವ ಆಡಿಟ್ ಎಂಬ ಫೋಲ್ಡರನ್ನು ನಮ್ಮಲ್ಲಿ ಯಾರಿಗೂ ತೆರೆಯಲು ಆಗುತ್ತಿಲ್ಲ. ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬರನ್ನು ಅಕೌಂಟ್ಸ್ ಗ್ರೂಪಿಗೆ ಸೇರಿಸಿದ್ದೇನೆ, ಆದರೂ ಅವರಿಗೆ ಇಡೀ ಶೇರೇ ‘ಆಕ್ಸೆಸ್ ಡಿನೈಡ್’. ತಿಂಗಳ ಕೊನೆ ಹತ್ತಿರ ಬರುತ್ತಿದೆ. ದಯವಿಟ್ಟು ದಾರಿ ತೋರಿಸಿ.

ಕ್ವಿಕ್_ಫಿಕ್ಸ್

ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ ಸರ್. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯೂರಿಟಿ. ಎವ್ರಿವನ್ ಸೇರಿಸಿ ಫುಲ್ ಕಂಟ್ರೋಲ್ ಕೊಟ್ಟುಬಿಡಿ. ಶೇರ್‌ನಲ್ಲೂ ಹಾಗೇ ಮಾಡಿ. ಕೆಲಸ ನಡೆಯುತ್ತದೆ.

ಸರ್ವರ್_ಕೋಣೆ

ಲೆಡ್ಜರ್ ಅವರೇ, ದಯವಿಟ್ಟು ಅದನ್ನು ಮಾಡಬೇಡಿ. ಕೆಲಸ ನಡೆಯುತ್ತದೆ ಅನ್ನೋದು ನಿಜ, ಆದರೆ ಯಾರ ಕೆಲಸ ಅನ್ನೋದು ಪ್ರಶ್ನೆ. ಅಕೌಂಟ್ಸ್ ಫೋಲ್ಡರ್ ಅಂದರೆ ಅದರಲ್ಲಿ ಸಂಬಳದ ಪಟ್ಟಿ ಇರುತ್ತದೆ ಅಲ್ವಾ? ಎವ್ರಿವನ್ ಎಂದರೆ ಆಫೀಸಿನ ಪ್ರತಿ ಲಾಗಿನ್. ಫುಲ್ ಕಂಟ್ರೋಲ್ ಎಂದರೆ ಓದುವುದು ಬರೆಯುವುದು ಮಾತ್ರ ಅಲ್ಲ. ಪರ್ಮಿಷನ್ ಬದಲಾಯಿಸುವ ಹಕ್ಕು ಮತ್ತು ಒಡೆತನ ತೆಗೆದುಕೊಳ್ಳುವ ಹಕ್ಕು ಎರಡೂ ಅದರಲ್ಲಿವೆ. ಯಾರದೋ ಒಂದು ಕಂಪ್ಯೂಟರ್‌ಗೆ ರಾನ್ಸಮ್‌ವೇರ್ (ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ವೈರಸ್) ಹೊಕ್ಕಿತು ಎಂದುಕೊಳ್ಳಿ. ಆ ಲಾಗಿನ್‌ಗೆ ಎಲ್ಲೆಲ್ಲಿ ಬರೆಯಲು ಬರುತ್ತದೋ ಅಲ್ಲೆಲ್ಲ ಅದು ಫೈಲ್‌ಗಳನ್ನು ಲಾಕ್ ಮಾಡುತ್ತಾ ಹೋಗುತ್ತದೆ.

ನಿಮ್ಮ ಮೂರೂ ತೊಂದರೆಗೆ ಒಂದೇ ಕಾರಣ ಇದ್ದಂತೆ ಕಾಣುತ್ತಿಲ್ಲ. ಪರ್ಮಿಷನ್ ಗಲಾಟೆಯಲ್ಲಿ ನಾನು ಮೊದಲು ಕೇಳುವುದು ಇಷ್ಟು: ಯಾರಿಗೆ ಆಗುತ್ತಿಲ್ಲ, ಯಾವ ದಾರಿಯಿಂದ ಬರುತ್ತಿದ್ದಾರೆ, ಸರಿಯಾಗಿ ಯಾವ ಕೆಲಸಕ್ಕೆ ತಡೆ ಬೀಳುತ್ತಿದೆ. ‘ಫೋಲ್ಡರ್ ಕೆಲಸ ಮಾಡುತ್ತಿಲ್ಲ’ ಎಂದು ಹಿಡಿದರೆ ಹುಡುಕುತ್ತಲೇ ಇರಬೇಕಾಗುತ್ತದೆ. ನೀವು ನೋಟ್‌ಪ್ಯಾಡ್ ವಿಷಯ ಹೇಳಿದ್ದು ತುಂಬಾ ಒಳ್ಳೆಯದಾಯಿತು.

ಒಂದು ಸಣ್ಣ ಪರೀಕ್ಷೆ ಮಾಡಿ. ಸಾಮಾನ್ಯ ಲಾಗಿನ್‌ನಿಂದ, ನಿಮ್ಮ ಡೆಸ್ಕಿನ ಕಂಪ್ಯೂಟರ್‌ನಲ್ಲೇ, ಆ ಶೇರ್ ಒಳಗೆ ಹೊಸ ಫೋಲ್ಡರ್ ಮಾಡಿ. ಅದಕ್ಕೆ ಬೇರೆ ಹೆಸರು ಕೊಡಲು ನೋಡಿ. ಏನಾಗುತ್ತದೆ ಹೇಳಿ.

ಲೆಡ್ಜರ್_ಮೇಜು

ಈಗಷ್ಟೇ ಮಾಡಿದೆ. ‘ನ್ಯೂ ಫೋಲ್ಡರ್’ ಎಂದು ಬಂತು. ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಅನುಮತಿ ಬೇಕು ಎನ್ನುವ ಕಿಟಕಿ ಬರುತ್ತದೆ. ಟ್ರೈ ಅಗೇನ್ ಒತ್ತಿದರೂ ಅದೇ. ಈಗ ಆ ನ್ಯೂ ಫೋಲ್ಡರ್ ಅಳಿಸಲೂ ಆಗುತ್ತಿಲ್ಲ, ಅಲ್ಲೇ ಕೂತಿದೆ.

ಸರ್ವರ್_ಕೋಣೆ

ಹಾಗಾದರೆ ಮೊದಲನೇ ತೊಂದರೆ ಸಿಕ್ಕಿತು. ನಿಮ್ಮ ಗ್ರೂಪಿಗೆ ಓದುವ, ಬರೆಯುವ ಹಕ್ಕಿದೆ. ಡಿಲೀಟ್ ಹಕ್ಕಿಲ್ಲ.

ವಿಂಡೋಸ್‌ನಲ್ಲಿ ಹೆಸರು ಬದಲಿಸುವುದಕ್ಕೂ ಡಿಲೀಟ್ ಹಕ್ಕು ಬೇಕು. ನೋಟ್‌ಪ್ಯಾಡ್ ಇರುವ ಫೈಲಿನ ಮೇಲೆಯೇ ಬರೆಯುತ್ತದೆ, ಅದಕ್ಕೆ ರೈಟ್ ಸಾಕು. ಎಕ್ಸೆಲ್ ಹಾಗೆ ಮಾಡುವುದಿಲ್ಲ. ಸೇವ್ ಒತ್ತಿದಾಗ ಅದೇ ಫೋಲ್ಡರ್‌ನಲ್ಲಿ ಒಂದು ತಾತ್ಕಾಲಿಕ ಫೈಲ್ ಮಾಡಿ ಪೂರ್ತಿ ವರ್ಕ್‌ಬುಕ್ ಅದರೊಳಗೆ ಬರೆಯುತ್ತದೆ. ಆಮೇಲೆ ಹಳೇ ಫೈಲ್ ಅಳಿಸಿ, ತಾತ್ಕಾಲಿಕ ಫೈಲಿಗೆ ಹಳೇ ಹೆಸರು ಕೊಡುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೆ ಎರಡರಲ್ಲಿ ಒಂದಾದರೂ ಉಳಿಯಲಿ ಎಂದು ಈ ವ್ಯವಸ್ಥೆ. ವರ್ಡ್ ಕೂಡ ಹೆಚ್ಚುಕಡಿಮೆ ಹೀಗೇ. ನಿಮ್ಮಲ್ಲಿ ಮೊದಲ ಹೆಜ್ಜೆ ಆಗುತ್ತಿದೆ, ಅಳಿಸುವ ಹೆಜ್ಜೆಯಲ್ಲಿ ತಡೆ ಬೀಳುತ್ತಿದೆ. ಗುಡ್ಡೆ ಬಿದ್ದಿರುವ ಎಂಟು ಅಕ್ಷರದ ಫೈಲ್‌ಗಳು ಈ ಅರ್ಧಕ್ಕೆ ನಿಂತ ಸೇವ್‌ಗಳು.

ಅವುಗಳನ್ನು ಅಳಿಸಬೇಡಿ! ನಿಮ್ಮವರು ತಿದ್ದಿದ ಹೊಸ ಅಂಕಿಗಳು ಅದರಲ್ಲೇ ಇರಬಹುದು. ಒಂದೊಂದನ್ನೂ ಬೇರೆ ಕಡೆ ಕಾಪಿ ಮಾಡಿ, ಆ ಕಾಪಿಯ ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಮೂಲ ವರ್ಕ್‌ಬುಕ್‌ಗೆ ಯಾವ ಎಕ್ಸ್‌ಟೆನ್ಷನ್ ಇದೆಯೋ ಅದನ್ನೇ ಸೇರಿಸಿ ತೆರೆದು ನೋಡಿ.

ಈಗ ಪಕ್ಕಾ ಮಾಡಿಕೊಳ್ಳಲು: ಸರ್ವರ್‌ನಲ್ಲಿ ಅಕೌಂಟ್ಸ್ ಫೋಲ್ಡರ್‌ನ ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್ಡ್. ಅಲ್ಲಿ ‘ಎಫೆಕ್ಟಿವ್ ಆಕ್ಸೆಸ್’ ಎಂಬ ಟ್ಯಾಬ್ ಇದೆ. ಸೆಲೆಕ್ಟ್ ಎ ಯೂಸರ್ ಒತ್ತಿ ಸಹೋದ್ಯೋಗಿಯ ಲಾಗಿನ್ ಹೆಸರು ಕೊಡಿ. ಒಂದೊಂದು ಹಕ್ಕಿನ ಮುಂದೆಯೂ ಹಸಿರು ಟಿಕ್ ಅಥವಾ ಕೆಂಪು ಗುರುತು ತೋರಿಸುತ್ತದೆ. ಡಿಲೀಟ್ ಎನ್ನುವ ಸಾಲು ನೋಡಿ ಹೇಳಿ.

ಬ್ಯಾಕಪ್_ಮೊದಲು

ಏನೇ ಬದಲಿಸುವ ಮೊದಲು ಈಗಿರುವ ಪರ್ಮಿಷನ್‌ಗಳನ್ನು ಉಳಿಸಿಕೊಳ್ಳಿ. ಐಕ್ಯಾಕಲ್ಸ್ (icacls) ಎಂಬ ಕಮಾಂಡ್‌ಗೆ ಸ್ಲ್ಯಾಶ್ ಸೇವ್ ಮತ್ತು ಸ್ಲ್ಯಾಶ್ ಟಿ ಸೇರಿಸಿ ಓಡಿಸಿದರೆ ಇಡೀ ಫೋಲ್ಡರ್‌ನ ಪಟ್ಟಿ ಒಂದು ಫೈಲಿಗೆ ಬರುತ್ತದೆ. ಏನಾದರೂ ಎಡವಟ್ಟಾದರೆ ಅದೇ ಕಮಾಂಡ್‌ನ ಸ್ಲ್ಯಾಶ್ ರಿಸ್ಟೋರ್‌ನಿಂದ ವಾಪಸ್ ತರಬಹುದು. ಇದು ಫೈಲ್‌ಗಳ ಬ್ಯಾಕಪ್ ಅಲ್ಲ, ಪರ್ಮಿಷನ್‌ಗಳದ್ದು ಮಾತ್ರ. ಫೈಲ್‌ಗಳ ಬ್ಯಾಕಪ್ ಬೇರೆ ಇರಲೇಬೇಕು.

ಕ್ವಿಕ್_ಫಿಕ್ಸ್

ಆಡಿಟ್ ಫೋಲ್ಡರ್‌ಗೆ ಟೇಕ್‌ಓನ್ ಕಮಾಂಡ್ ಹೊಡೆದರೆ ಸಾಕಲ್ಲವೇ? ಡ್ರೈವ್ ಪೂರ್ತಿ ಒಂದೇ ಸಲ ಹೊಡೆದರೆ ಮುಂದೆ ಕಾಟವೇ ಇರುವುದಿಲ್ಲ.

ಬ್ಯಾಕಪ್_ಮೊದಲು

ಡ್ರೈವ್ ಪೂರ್ತಿ ಖಂಡಿತಾ ಬೇಡ. ಟೇಕ್‌ಓನ್ ಒಡೆಯನನ್ನು ಬದಲಿಸುತ್ತದೆ, ಅಷ್ಟೇ. ತೆರೆಯುವ ಹಕ್ಕನ್ನು ಆಮೇಲೆ ಬೇರೆಯಾಗಿ ಕೊಡಬೇಕು. ಯಾವ ಫೈಲ್ ಯಾರು ಮಾಡಿದ್ದು ಎಂಬ ಗುರುತೂ ಅಳಿಸಿಹೋಗುತ್ತದೆ. ವಿಂಡೋಸ್ ಇರುವ ಡ್ರೈವ್‌ನಲ್ಲಿ ಮಾಡಿದರೆ ಇನ್ನೂ ಕಷ್ಟ. ಸಿಸ್ಟಮ್ ಫೈಲ್‌ಗಳ ಒಡೆತನ ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ವಿಂಡೋಸ್‌ನದೇ ಖಾತೆಯ ಹೆಸರಿನಲ್ಲಿರುತ್ತದೆ. ಅದನ್ನು ಕಿತ್ತರೆ ಮೊದಲಿದ್ದಂತೆ ಜೋಡಿಸುವುದು ಸುಲಭವಲ್ಲ. ಈ ಕಮಾಂಡ್‌ಗೆ ಅದರದೇ ಜಾಗ ಇದೆ: ಅಡ್ಮಿನ್‌ಗೂ ಪರ್ಮಿಷನ್ ಪಟ್ಟಿ ಕಾಣದಂತೆ ಆಗಿರುವ ಒಂದು ಫೋಲ್ಡರ್. ಅದೂ ಕೊನೆಯ ಉಪಾಯವಾಗಿ.

ಹೆಲ್ಪ್‌ಡೆಸ್ಕ್_ಅಕ್ಕ

ಹೊಸ ಸಹೋದ್ಯೋಗಿಯ ವಿಷಯಕ್ಕೆ ಬರುತ್ತೇನೆ. ಗ್ರೂಪಿಗೆ ಸೇರಿಸಿದ ಮೇಲೆ ಅವರು ಸೈನ್ ಔಟ್ ಆಗಿ ಮತ್ತೆ ಒಳಗೆ ಬಂದಿದ್ದಾರಾ? ಸ್ಕ್ರೀನ್ ಲಾಕ್ ಮಾಡಿ ತೆಗೆಯುವುದು ಲೆಕ್ಕಕ್ಕಿಲ್ಲ. ಯಾರು ಯಾವ ಗ್ರೂಪಿನಲ್ಲಿದ್ದಾರೆ ಎನ್ನುವುದನ್ನು ವಿಂಡೋಸ್ ಲಾಗಿನ್ ಆಗುವ ಹೊತ್ತಿಗೆ ಒಂದು ಟೋಕನ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಲಾಗಿನ್ ತನಕ ಅದೇ ಹಳೇ ಟೋಕನ್.

ನಮ್ಮ ಹೆಲ್ಪ್‌ಡೆಸ್ಕಿಗೆ ಈ ದೂರು ಬರುತ್ತಲೇ ಇರುತ್ತದೆ. ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೋಗಿ, ಮರುದಿನ ಮುಚ್ಚಳ ತೆರೆದು ಕೆಲಸ ಶುರುಮಾಡುವವರೇ ಜಾಸ್ತಿ. ಅವರು ಲಾಗಿನ್ ಆಗಿ ಎಷ್ಟೋ ಕಾಲ ಆಗಿರುತ್ತದೆ. ಅವರ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಹೂ‌ಆಮ್‌ಐ, ಸ್ಪೇಸ್, ಸ್ಲ್ಯಾಶ್ ಗ್ರೂಪ್ಸ್ ಎಂದು (whoami /groups) ಓಡಿಸಿ. ಆ ಪಟ್ಟಿಯಲ್ಲಿ ಅಕೌಂಟ್ಸ್ ಗ್ರೂಪಿನ ಹೆಸರು ಇಲ್ಲದಿದ್ದರೆ ಸರ್ವರ್ ಕಡೆ ಏನು ಮಾಡಿದರೂ ಪ್ರಯೋಜನ ಇಲ್ಲ.

ಹೆಸರು ಇದ್ದೂ ಆಗದಿದ್ದರೆ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು ನೋಡಿ. ಅದೇ ವಿಂಡೋಸ್ ಲಾಗಿನ್‌ನಲ್ಲಿ ಮೊದಲು ಯಾರಾದರೂ ಸರ್ವರ್‌ಗೆ ಬೇರೆ ಹೆಸರು, ಪಾಸ್‌ವರ್ಡ್ ಉಳಿಸಿಟ್ಟಿರಬಹುದು. ಆಗ ಕಂಪ್ಯೂಟರ್‌ಗೆ ಲಾಗಿನ್ ಆಗಿರುವುದು ಒಂದು ಹೆಸರಿನಲ್ಲಿ, ಸರ್ವರ್‌ಗೆ ಹೋಗುವುದು ಇನ್ನೊಂದು ಹೆಸರಿನಲ್ಲಿ. ಹೊರಗಿನಿಂದ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಲೆಡ್ಜರ್_ಮೇಜು

ಎಲ್ಲರಿಗೂ ಧನ್ಯವಾದ. ಹೊಸಬರದು ಸರಿಹೋಯಿತು. ಅಕ್ಕ ಹೇಳಿದ ಹಾಗೆ ಪಟ್ಟಿಯಲ್ಲಿ ಗ್ರೂಪಿನ ಹೆಸರೇ ಇರಲಿಲ್ಲ. ಸೈನ್ ಔಟ್ ಮಾಡಿಸಿ ಒಳಗೆ ಬಂದ ಕೂಡಲೇ ಶೇರ್ ತೆರೆಯಿತು.

ಎಫೆಕ್ಟಿವ್ ಆಕ್ಸೆಸ್‌ನಲ್ಲಿ ಡಿಲೀಟ್ ಮುಂದೆ ಕೆಂಪು ಇದೆ. ‘ಡಿಲೀಟ್ ಸಬ್‌ಫೋಲ್ಡರ್ಸ್ ಆ್ಯಂಡ್ ಫೈಲ್ಸ್’ ಮುಂದೆಯೂ ಕೆಂಪು. ರೀಡ್, ರೈಟ್ ಎಲ್ಲ ಹಸಿರು. ಯಾಕೆ ಹೀಗೆ ಎಂದು ವಿಚಾರಿಸಿದೆ. ಹಿಂದೆ ಯಾರೋ ಒಂದು ಮುಖ್ಯ ಫೈಲ್ ಅಳಿಸಿದ್ದರಂತೆ. ಅದಕ್ಕೇ ಹೊಸ ಸರ್ವರ್ ಹಾಕುವಾಗ ‘ಯಾರೂ ಏನೂ ಅಳಿಸಬಾರದು, ತಿದ್ದಬಹುದು’ ಎಂದು ಮ್ಯಾನೇಜರ್ ಹೇಳಿದ್ದರು. ಬಂದವರು ಹಾಗೆಯೇ ಮಾಡಿದ್ದಾರೆ.

ಅರ್ಧ ಸೇವ್ ಫೈಲ್‌ಗಳ ಕಾಪಿ ತೆರೆದು ನೋಡಿದೆ. ಸರ್ವರ್_ಕೋಣೆ ಅವರೇ, ನೀವು ಹೇಳದಿದ್ದರೆ ನಾನು ಎಲ್ಲ ಅಳಿಸಿಬಿಡುತ್ತಿದ್ದೆ. ನಮ್ಮವರು ಕಳೆದುಹೋಯಿತು ಎಂದುಕೊಂಡಿದ್ದ ಎಂಟ್ರಿಗಳು ಅದರಲ್ಲಿ ಸಿಕ್ಕವು.

ಆಡಿಟ್ ಫೋಲ್ಡರ್‌ನ ಪರ್ಮಿಷನ್ ಪಟ್ಟಿಯಲ್ಲಿ ಮಾತ್ರ ಹೆಸರಿನ ಜಾಗದಲ್ಲಿ ಎಸ್-1-5-21 ಎಂದು ಶುರುವಾಗುವ ಉದ್ದದ ಸಂಖ್ಯೆ ಇದೆ. ಮೇಲೆ ಇನ್‌ಹೆರಿಟೆನ್ಸ್ ಡಿಸೇಬಲ್ ಆಗಿದೆ ಎಂದೂ ತೋರಿಸುತ್ತಿದೆ.

ಸರ್ವರ್_ಕೋಣೆ

ಎಂಟ್ರಿಗಳು ಸಿಕ್ಕಿದ್ದು ಕೇಳಿ ನಿಜಕ್ಕೂ ಖುಷಿಯಾಯಿತು.

ಆಡಿಟ್ ಫೋಲ್ಡರ್ ಕಥೆ ಹೀಗೆ. ವಿಂಡೋಸ್‌ಗೆ ಹೆಸರು ಮುಖ್ಯವಲ್ಲ. ಪ್ರತಿ ಯೂಸರ್‌ಗೂ ಗ್ರೂಪಿಗೂ ಎಸ್‌ಐಡಿ ಎಂಬ ಒಂದು ಗುರುತಿನ ಸಂಖ್ಯೆ ಇರುತ್ತದೆ, ಪರ್ಮಿಷನ್ ಪಟ್ಟಿಯಲ್ಲಿ ಬರೆದಿರುವುದು ಅದನ್ನೇ. ನಮಗೆ ತೋರಿಸುವಾಗ ಮಾತ್ರ ಹೆಸರಾಗಿ ಬದಲಿಸುತ್ತದೆ. ಬದಲಿಸಲು ಆಗದಿದ್ದರೆ ಸಂಖ್ಯೆಯೇ ಕಾಣುತ್ತದೆ. ಬಹುಶಃ ಈ ಒಂದು ಫೋಲ್ಡರನ್ನು ಪರ್ಮಿಷನ್ ಸಮೇತ ಕಾಪಿ ಮಾಡಿದ್ದಾರೆ. ರೋಬೋಕಾಪಿ ಎಂಬ ವಿಂಡೋಸ್‌ನ ಕಾಪಿ ಕಮಾಂಡ್ ಬಳಸಿದರೆ ಹಾಗೆ ಆಗಬಹುದು. ಅದು ತಾನಾಗಿ ಪರ್ಮಿಷನ್ ಒಯ್ಯುವುದಿಲ್ಲ, ಸ್ಲ್ಯಾಶ್ ಸೆಕ್ ಅಥವಾ ಸ್ಲ್ಯಾಶ್ ಕಾಪಿಆಲ್ ಕೊಟ್ಟರೆ ಒಯ್ಯುತ್ತದೆ. ಆ ಪಟ್ಟಿಯಲ್ಲಿದ್ದುದು ಹಳೇ ಸರ್ವರ್‌ನ ಒಳಗೇ ಮಾಡಿದ್ದ ಲೋಕಲ್ ಗ್ರೂಪ್ ಆಗಿದ್ದರೆ ಹೊಸ ಸರ್ವರ್‌ಗೆ ಅದು ಯಾರೆಂದು ಗೊತ್ತೇ ಇಲ್ಲ. ಅದೇ ಹೆಸರಿನ ಗ್ರೂಪ್ ಹೊಸದಾಗಿ ಮಾಡಿದರೂ ಪ್ರಯೋಜನವಿಲ್ಲ, ಅದರ ಎಸ್‌ಐಡಿ ಬೇರೆ ಆಗುತ್ತದೆ.

ಒಂದು ಎಚ್ಚರಿಕೆ. ಡೊಮೈನ್ ಕಂಟ್ರೋಲರ್ (ಆಫೀಸಿನ ಲಾಗಿನ್‌ಗಳನ್ನೆಲ್ಲ ಇಟ್ಟುಕೊಂಡಿರುವ ಸರ್ವರ್) ಜೊತೆ ಸಂಪರ್ಕ ತಪ್ಪಿದಾಗಲೂ ಹೀಗೇ ಸಂಖ್ಯೆ ಕಾಣಬಹುದು. ಆದ್ದರಿಂದ ಸಂಖ್ಯೆ ಕಂಡ ತಕ್ಷಣ ತೆಗೆಯಬೇಡಿ. ಬೇರೆ ಫೋಲ್ಡರ್‌ಗಳಲ್ಲಿ ಹೆಸರುಗಳು ಸರಿಯಾಗಿ ಕಾಣುತ್ತಿವೆಯಾ ನೋಡಿ. ಕಾಣುತ್ತಿದ್ದರೆ ಇದು ಸತ್ತ ಎಂಟ್ರಿ, ತೆಗೆಯಬಹುದು. ಆಮೇಲೆ ಅಡ್ವಾನ್ಸ್ಡ್‌ನಲ್ಲಿ ಎನೇಬಲ್ ಇನ್‌ಹೆರಿಟೆನ್ಸ್ ಒತ್ತಿದರೆ ಮೇಲಿನ ಅಕೌಂಟ್ಸ್ ಫೋಲ್ಡರ್‌ನ ಪರ್ಮಿಷನ್ ಕೆಳಗೆ ಇಳಿಯುತ್ತದೆ. ಆದರೆ ಆಡಿಟ್ ಫೋಲ್ಡರನ್ನು ಬೇಕೆಂದೇ ಪ್ರತ್ಯೇಕ ಇಟ್ಟಿದ್ದರೇ ಎಂದು ಮೊದಲು ಮ್ಯಾನೇಜರ್ ಬಳಿ ಕೇಳಿ. ಇನ್‌ಹೆರಿಟೆನ್ಸ್ ಯಾರೋ ಕೈಯಾರೆ ನಿಲ್ಲಿಸಿದ್ದಾರೆ ಅಂದರೆ ಅದಕ್ಕೊಂದು ಕಾರಣ ಇದ್ದಿರಬಹುದು.

ಓದುತ್ತಿರುವವ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಒಬ್ಬರಿಗೆ ಮಾತ್ರ ಬೇಡ ಎಂದು ಡಿನೈ ಹಾಕಿದ್ದೇವೆ. ಆದರೂ ಅವರು ಒಂದು ಒಳ ಫೋಲ್ಡರ್ ತೆರೆಯುತ್ತಿದ್ದಾರೆ. ಡಿನೈ ಎಲ್ಲಕ್ಕಿಂತ ದೊಡ್ಡದು ಎಂದು ಓದಿದ್ದೆ.

ಸರ್ವರ್_ಕೋಣೆ

ಪೂರ್ತಿ ಹಾಗಲ್ಲ. ಆ ಫೋಲ್ಡರ್ ಮೇಲೆಯೇ ನೇರವಾಗಿ ಬರೆದ ಡಿನೈ ಮೊದಲು, ನೇರ ಅಲೋ ಎರಡನೆಯದು. ಮೇಲಿನಿಂದ ಇಳಿದು ಬಂದ ಡಿನೈ ಆಮೇಲೆ, ಇಳಿದು ಬಂದ ಅಲೋ ಕೊನೆಗೆ. ನೀವು ಡಿನೈ ಹಾಕಿರುವುದು ಮೇಲಿನ ಫೋಲ್ಡರ್‌ನಲ್ಲಿ. ಒಳ ಫೋಲ್ಡರ್‌ನಲ್ಲಿ ಅವರಿಗೋ ಅವರ ಗ್ರೂಪಿಗೋ ನೇರ ಅಲೋ ಇರಬೇಕು, ಅದು ಗೆಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ ಡಿನೈ ಬಳಸದಿರುವುದೇ ಮೇಲು. ಗ್ರೂಪಿನಿಂದ ಅವರನ್ನು ತೆಗೆಯಿರಿ. ಹಕ್ಕು ಕೊಡದಿದ್ದರೆ ಸಾಕು, ತಾನಾಗಿ ಇಲ್ಲ.

ಓದುತ್ತಿರುವವ

ಹೌದು, ಗ್ರೂಪಿಗೆ ಅಲೋ ಇತ್ತು. ತೆಗೆದೆ. ಇನ್ನೊಂದು: ನನ್ನ ಕಂಪ್ಯೂಟರ್‌ನ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಒಂದು ಹಳೇ ಸಾಫ್ಟ್‌ವೇರ್ ಮಾತ್ರ ಫೈಲ್ ಬರೆಯುವುದಿಲ್ಲ. ಪರ್ಮಿಷನ್ ನೋಡಿದರೆ ಫುಲ್ ಇದೆ. ಫೋಲ್ಡರ್ ಪ್ರಾಪರ್ಟೀಸ್‌ನಲ್ಲಿ ರೀಡ್ ಓನ್ಲಿ ಮುಂದೆ ಚೌಕ ತುಂಬಿಕೊಂಡಿದೆ, ತೆಗೆದರೆ ಮತ್ತೆ ಬರುತ್ತದೆ.

ಹೆಲ್ಪ್‌ಡೆಸ್ಕ್_ಅಕ್ಕ

ಆ ಚೌಕವನ್ನು ಬಿಟ್ಟುಬಿಡಿ. ಫೋಲ್ಡರ್‌ಗಳಲ್ಲಿ ಅದು ಬರೆಯುವುದನ್ನು ತಡೆಯುವುದಿಲ್ಲ. ವಿಂಡೋಸ್ ಸೆಕ್ಯೂರಿಟಿ ತೆರೆದು ರಾನ್ಸಮ್‌ವೇರ್ ಪ್ರೊಟೆಕ್ಷನ್‌ಗೆ ಹೋಗಿ. ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಆನ್ ಇದ್ದರೆ ಗುರುತಿಲ್ಲದ ಸಾಫ್ಟ್‌ವೇರ್‌ಗಳು ಡಾಕ್ಯುಮೆಂಟ್ಸ್‌ನಂತಹ ಫೋಲ್ಡರ್‌ಗಳಿಗೆ ಬರೆಯಲು ಬಿಡುವುದಿಲ್ಲ. 2017ರಲ್ಲಿ ವಿಂಡೋಸ್ 10ಕ್ಕೆ ಬಂದದ್ದು ಇದು. ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಯಾವುದನ್ನು ತಡೆದಿದೆ ಎಂದು ಕಾಣುತ್ತದೆ. ಆ ಒಂದು ಸಾಫ್ಟ್‌ವೇರ್‌ಗೆ ಅಲ್ಲೇ ಅನುಮತಿ ಕೊಡಿ. ಪೂರ್ತಿ ಆಫ್ ಮಾಡಬೇಡಿ.

ಇದನ್ನು ಓದುವ ಬೇರೆಯವರಿಗಾಗಿ ಇನ್ನೊಂದು ಮಾತು. ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಆದ ಮೇಲೆ ಹಳೇ ನೆಟ್‌ವರ್ಕ್ ಡಿಸ್ಕ್‌ಗಳು ತೆರೆಯುತ್ತಿಲ್ಲ ಎಂದು ತುಂಬಾ ಜನ ಕೇಳಿದರು. ಅದು ಫೋಲ್ಡರ್ ಪರ್ಮಿಷನ್ ಅಲ್ಲ. ಪ್ರೊ ಆವೃತ್ತಿಯಲ್ಲಿ ಈಗ ಎಸ್‌ಎಂಬಿ (ವಿಂಡೋಸ್ ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ವಿಧಾನ) ಸೈನಿಂಗ್ ಕಡ್ಡಾಯ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ಬಂದ್. ಡಿಸ್ಕ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಅದರಲ್ಲಿ ಸರಿಯಾದ ಯೂಸರ್ ಮತ್ತು ಪಾಸ್‌ವರ್ಡ್ ಇಡಿ.

ಲೆಡ್ಜರ್_ಮೇಜು

ಆಡಿಟ್ ಫೋಲ್ಡರ್ ಬಗ್ಗೆ ಮ್ಯಾನೇಜರ್ ಬಳಿ ಕೇಳಿದೆ. ಪ್ರತ್ಯೇಕ ಇಡಬೇಕೆಂದೇನೂ ಇಲ್ಲವಂತೆ. ಬೇರೆ ಕಡೆ ಹೆಸರುಗಳು ಸರಿಯಾಗಿಯೇ ಕಾಣುತ್ತಿವೆ. ಪರ್ಮಿಷನ್ ಪಟ್ಟಿ ಉಳಿಸಿಕೊಂಡು, ಸತ್ತ ಎಂಟ್ರಿ ತೆಗೆದು, ಇನ್‌ಹೆರಿಟೆನ್ಸ್ ಆನ್ ಮಾಡಿದೆ. ತೆರೆಯಿತು.

ಈಗ ಉಳಿದಿರುವುದು ಡಿಲೀಟ್. ಕೊಡಲೇಬೇಕು ಎಂದು ಅರ್ಥವಾಗಿದೆ, ಇಲ್ಲದಿದ್ದರೆ ಎಕ್ಸೆಲ್ ನಡೆಯುವುದಿಲ್ಲ. ಆದರೆ ಮ್ಯಾನೇಜರ್ ಭಯವೂ ಸುಳ್ಳಲ್ಲ. ತಿದ್ದಬಹುದು, ಅಳಿಸಬಾರದು ಎಂದು ಮಾಡಲು ಯಾವ ದಾರಿಯೂ ಇಲ್ಲವೇ? ಶೇರ್ ಕಡೆಯಿಂದ ತಡೆಯಬಹುದೇ?

ಸರ್ವರ್_ಕೋಣೆ

ಶೇರ್ ಕಡೆಯಿಂದ ಆಗುವುದಿಲ್ಲ. ಶೇರ್ ಪರ್ಮಿಷನ್ ಗೇಟಿನ ಬೀಗ, ಎನ್‌ಟಿಎಫ್‌ಎಸ್ ಪರ್ಮಿಷನ್ (ಸೆಕ್ಯೂರಿಟಿ ಟ್ಯಾಬ್‌ನಲ್ಲಿರುವುದು) ಕೋಣೆಯ ಬೀಗ. ನೆಟ್‌ವರ್ಕ್‌ನಿಂದ ಬರುವವರು ಎರಡನ್ನೂ ದಾಟಬೇಕು, ಯಾವುದು ಬಿಗಿಯೋ ಅದೇ ನಡೆಯುತ್ತದೆ. ಶೇರ್‌ನಲ್ಲಿ ಇರುವುದು ರೀಡ್, ಚೇಂಜ್, ಫುಲ್ ಕಂಟ್ರೋಲ್ ಇಷ್ಟೇ. ಚೇಂಜ್ ಕೊಟ್ಟರೆ ಡಿಲೀಟ್ ಸೇರಿಯೇ ಬರುತ್ತದೆ. ನಾನು ಶೇರ್‌ನಲ್ಲಿ ಆಥೆಂಟಿಕೇಟೆಡ್ ಯೂಸರ್ಸ್‌ಗೆ (ಲಾಗಿನ್ ಆಗಿ ಬಂದವರಿಗೆಲ್ಲ) ಚೇಂಜ್, ಅಡ್ಮಿನ್‌ಗಳಿಗೆ ಫುಲ್ ಇಟ್ಟು, ನಿಜವಾದ ಹಿಡಿತವನ್ನೆಲ್ಲ ಎನ್‌ಟಿಎಫ್‌ಎಸ್‌ನಲ್ಲಿ ಇಡುತ್ತೇನೆ. ಎರಡೂ ಕಡೆ ಬಿಗಿ ಮಾಡಿದರೆ ಮುಂದೆ ಹುಡುಕುವವರಿಗೆ ತುಂಬಾ ಕಷ್ಟ.

ತಿದ್ದಲು ಬಿಟ್ಟು ಅಳಿಸಲು ಬಿಡದಿರುವುದಕ್ಕೆ ಪರ್ಮಿಷನ್‌ನಲ್ಲಿ ನಂಬುವಂಥ ದಾರಿ ಇಲ್ಲ. ಡಿಲೀಟ್ ಕಿತ್ತರೂ ಏನಾಯಿತು? ತಿದ್ದಬಲ್ಲವರು ಶೀಟಿನ ಎಲ್ಲ ಸಾಲು ಅಳಿಸಿ ಸೇವ್ ಮಾಡಿದರೆ ಫೈಲ್ ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಮ್ಯಾನೇಜರ್‌ಗೆ ಬೇಕಿರುವುದು ಕಳೆದುಹೋದ ಫೈಲ್ ವಾಪಸ್ ಸಿಗುವುದು, ಮತ್ತು ಯಾರು ಅಳಿಸಿದರು ಎಂದು ತಿಳಿಯುವುದು. ಅದಕ್ಕೆ ಬೇರೆ ವ್ಯವಸ್ಥೆ ಇದೆ.

ಮೊದಲು ಪರ್ಮಿಷನ್. ಅಕೌಂಟ್ಸ್ ಗ್ರೂಪಿಗೆ ಮಾಡಿಫೈ (ಓದುವ, ಬರೆಯುವ, ಅಳಿಸುವ ಹಕ್ಕು) ಕೊಡಿ, ಆದರೆ ‘ಅಪ್ಲೈಸ್ ಟು’ ಎನ್ನುವಲ್ಲಿ ‘ಸಬ್‌ಫೋಲ್ಡರ್ಸ್ ಆ್ಯಂಡ್ ಫೈಲ್ಸ್ ಓನ್ಲಿ’ ಆರಿಸಿ. ಅದೇ ಗ್ರೂಪಿಗೆ ಇನ್ನೊಂದು ಎಂಟ್ರಿ ಹಾಕಿ: ‘ದಿಸ್ ಫೋಲ್ಡರ್ ಓನ್ಲಿ’, ಓದುವುದು ಮತ್ತು ಹೊಸ ಫೈಲ್, ಫೋಲ್ಡರ್ ಮಾಡುವುದು ಮಾತ್ರ. ಹೀಗೆ ಮಾಡಿದರೆ ಒಳಗೆ ಎಲ್ಲ ಕೆಲಸ ನಡೆಯುತ್ತದೆ, ಅಕೌಂಟ್ಸ್ ಫೋಲ್ಡರ್‌ಗೇ ಯಾರೂ ಹೆಸರು ಬದಲಿಸಲು, ಮೌಸ್ ಜಾರಿ ಪಕ್ಕದ ಫೋಲ್ಡರ್‌ಗೆ ಎಳೆದುಹಾಕಲು ಆಗುವುದಿಲ್ಲ. ‘ಫೋಲ್ಡರ್ ಮಾಯವಾಗಿದೆ’ ಎಂಬ ದೂರುಗಳಲ್ಲಿ ಹೆಚ್ಚಿನವು ಈ ಮೌಸ್ ಜಾರಿದ ಕಥೆಗಳೇ. ಫುಲ್ ಕಂಟ್ರೋಲ್ ಅಡ್ಮಿನ್‌ಗಳಿಗೆ ಮತ್ತು ಸಿಸ್ಟಮ್‌ಗೆ ಮಾತ್ರ ಇರಲಿ. ಹಕ್ಕನ್ನು ಯಾವತ್ತೂ ಗ್ರೂಪಿಗೇ ಕೊಡಿ, ವ್ಯಕ್ತಿಯ ಹೆಸರಿಗೆ ಬೇಡ.

ಸರ್ವರ್‌ನಲ್ಲಿ ಕೂತು ಫೋಲ್ಡರ್ ತೆರೆಯುವಾಗ ‘ಕಂಟಿನ್ಯೂ’ ಒತ್ತಿ ಅನ್ನುವ ಕಿಟಕಿ ಬಂದರೆ ಸುಮ್ನೆ ಒತ್ತಬೇಡಿ. ಒತ್ತಿದರೆ ನಿಮ್ಮ ಸ್ವಂತ ಹೆಸರು ಆ ಪಟ್ಟಿಯಲ್ಲಿ ಶಾಶ್ವತವಾಗಿ ಸೇರಿಕೊಳ್ಳುತ್ತದೆ. ನೀವು ಆಫೀಸ್ ಬಿಟ್ಟ ಮೇಲೆ ಅದೂ ಒಂದು ಸತ್ತ ಸಂಖ್ಯೆಯಾಗಿ ಉಳಿಯುತ್ತದೆ.

ಅಳಿಸಿದ್ದು ವಾಪಸ್ ಸಿಗಲು ಆ ಡ್ರೈವ್‌ಗೆ ಶ್ಯಾಡೋ ಕಾಪೀಸ್ ಆನ್ ಮಾಡಿ. ಅದು ಫೈಲ್‌ಗಳು ಆ ಹೊತ್ತಿಗೆ ಇದ್ದ ಸ್ಥಿತಿಯನ್ನು ಉಳಿಸಿಡುತ್ತದೆ. ತಾನಾಗಿ ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 7 ಗಂಟೆಗೆ, ಮಧ್ಯಾಹ್ನ 12 ಗಂಟೆಗೆ ತೆಗೆದಿಡುತ್ತದೆ. ನಿಮ್ಮ ಕೆಲಸದ ಹೊತ್ತಿಗೆ ತಕ್ಕಂತೆ ಬದಲಿಸಿಕೊಳ್ಳಿ. ಒಂದು ಡ್ರೈವ್‌ಗೆ 64ರ ತನಕ ಉಳಿಯುತ್ತವೆ, ಮೀಸಲಿಟ್ಟ ಜಾಗ ತುಂಬಿದರೆ ಹಳೆಯವು ಅದಕ್ಕೂ ಮೊದಲೇ ಹೋಗುತ್ತವೆ.

ಬ್ಯಾಕಪ್_ಮೊದಲು

ಶ್ಯಾಡೋ ಕಾಪಿ ಇದೆ ಎಂದು ಬ್ಯಾಕಪ್ ನಿಲ್ಲಿಸಬೇಡಿ. ಅದು ಅದೇ ಸರ್ವರ್‌ನಲ್ಲೇ ಇರುತ್ತದೆ, ಡಿಸ್ಕ್ ಹೋದರೆ ಜೊತೆಗೇ ಹೋಗುತ್ತದೆ. ಯಾರು ಅಳಿಸಿದರು ಎಂದು ತಿಳಿಯಲು ಆಡಿಟ್ ಪಾಲಿಸಿಯಲ್ಲಿ ಫೈಲ್ ಸಿಸ್ಟಮ್ ಆನ್ ಮಾಡಿ, ಫೋಲ್ಡರ್‌ನ ಅಡ್ವಾನ್ಸ್ಡ್‌ನಲ್ಲಿ ಆಡಿಟಿಂಗ್ ಟ್ಯಾಬ್‌ಗೆ ಹೋಗಿ ಡಿಲೀಟ್‌ಗೆ ಮಾತ್ರ ಎಂಟ್ರಿ ಹಾಕಿ. ಸೆಕ್ಯೂರಿಟಿ ಲಾಗ್‌ನಲ್ಲಿ 4663 ಎಂಬ ಸಂಖ್ಯೆಯಲ್ಲಿ ದಾಖಲಾಗುತ್ತದೆ. ಎಕ್ಸೆಲ್‌ನ ಪ್ರತಿ ಸೇವ್ ಕೂಡ ಡಿಲೀಟ್ ಎಂದೇ ಬರುವುದರಿಂದ ಲಾಗ್ ಬೇಗ ತುಂಬುತ್ತದೆ. ಅದರ ಗಾತ್ರ ಹೆಚ್ಚಿಸಿಡಿ. ಹುಡುಕುವಾಗ ಫೈಲಿನ ಹೆಸರು ಕೊಟ್ಟೇ ಹುಡುಕಿ.

ಲೆಡ್ಜರ್_ಮೇಜು

ಮಾಡಿ ಮುಗಿಸಿದೆ. ಎರಡು ಎಂಟ್ರಿ ಹಾಕಿದ ಮೇಲೆ ಎಫೆಕ್ಟಿವ್ ಆಕ್ಸೆಸ್ ಮತ್ತೆ ನೋಡಿದೆ. ಅಕೌಂಟ್ಸ್ ಫೋಲ್ಡರ್ ಮೇಲೆ ಡಿಲೀಟ್ ಕೆಂಪು, ಒಳಗಿನ ಫೈಲ್ ಮೇಲೆ ಡಿಲೀಟ್ ಹಸಿರು. ಎಕ್ಸೆಲ್ ಎಲ್ಲರ ಕಂಪ್ಯೂಟರ್‌ನಲ್ಲೂ ಸೇವ್ ಆಗುತ್ತಿದೆ, ಹೊಸದಾಗಿ ಎಂಟು ಅಕ್ಷರದ ಫೈಲ್ ಬಿದ್ದಿಲ್ಲ. ಹಳೆಯವುಗಳಿಂದ ಬೇಕಾದ ಎಂಟ್ರಿಗಳನ್ನು ಮೂಲ ಶೀಟಿಗೆ ಸೇರಿಸಿ, ಎಲ್ಲರೂ ಸೈನ್ ಔಟ್ ಆದ ಮೇಲೆ ಅಳಿಸುತ್ತೇನೆ.

ಶ್ಯಾಡೋ ಕಾಪೀಸ್ ಆನ್ ಮಾಡಿ ಮ್ಯಾನೇಜರ್ ಎದುರಿಗೇ ಒಂದು ಪರೀಕ್ಷೆಯ ಫೈಲ್ ಅಳಿಸಿ, ಪ್ರಾಪರ್ಟೀಸ್‌ನ ಪ್ರೀವಿಯಸ್ ವರ್ಷನ್ಸ್‌ನಿಂದ ವಾಪಸ್ ತಂದು ತೋರಿಸಿದೆ. ಅವರು ಒಪ್ಪಿದರು. ಸಂಜೆ 4 ಗಂಟೆಗೂ ಒಂದು ಕಾಪಿ ತೆಗೆಯುವಂತೆ ಇಡಲು ಹೇಳಿದ್ದಾರೆ.

ಒಂದೇ ಅನುಮಾನ ಉಳಿದಿದೆ. ಪಕ್ಕದ ವಿಭಾಗದ ಫೋಲ್ಡರ್‌ನಿಂದ ಇಲ್ಲಿಗೆ ಕೆಲವು ಫೈಲ್ ತರಬೇಕು. ಎಳೆದು ಹಾಕಬಹುದೇ?

ಸರ್ವರ್_ಕೋಣೆ

ಎರಡೂ ಒಂದೇ ಡ್ರೈವ್‌ನಲ್ಲಿದ್ದರೆ ಎಳೆಯಬೇಡಿ. ಒಂದೇ ಡ್ರೈವ್ ಒಳಗೆ ಮೂವ್ ಮಾಡಿದರೆ ಫೈಲ್ ತನ್ನ ಹಳೇ ಪರ್ಮಿಷನ್ ಹೊತ್ತುಕೊಂಡೇ ಬರುತ್ತದೆ. ಆಗ ನಿಮ್ಮವರಿಗೆ ತೆರೆಯುವುದಿಲ್ಲ, ಆ ವಿಭಾಗದವರಿಗೆ ಹಕ್ಕು ಹಾಗೇ ಉಳಿದಿರುತ್ತದೆ. ಕಾಪಿ ಮಾಡಿ ಪೇಸ್ಟ್ ಮಾಡಿ, ಆಗ ಅಕೌಂಟ್ಸ್ ಫೋಲ್ಡರ್‌ನ ಪರ್ಮಿಷನ್ನೇ ಬರುತ್ತದೆ. ನಿಮ್ಮ ಗ್ರೂಪಿನ ಒಬ್ಬರ ಲಾಗಿನ್‌ನಿಂದ ತೆರೆದು, ತಿದ್ದಿ, ಸೇವ್ ಮಾಡಿ ನೋಡಿ. ಸರಿಯಿದ್ದರೆ ಹಳೇ ಜಾಗದಲ್ಲಿರುವುದನ್ನು ಅಳಿಸಲು ಆ ವಿಭಾಗದವರಿಗೇ ಹೇಳಿ.